ಕಪ್ಪೆಚಿಪ್ಪಿನ ಜಾಡಿನ ಲೇಬಲ್ ಬರೆಯುವ ಮುನ್ನ

ಚಿತ್ರದುರ್ಗದ ಭೂವಿಜ್ಞಾನ ಲ್ಯಾಬಿನ ಕಪಾಟಿನಲ್ಲಿ ಕಪ್ಪೆಚಿಪ್ಪಿನ ಜಾಡು (ಅದು ಕೂತ, ಕೊರೆದ ಗುರುತು ಕಲ್ಲಿನಲ್ಲಿ ಉಳಿದದ್ದು) ಇದೆಯೆಂದರೆ ಅದು ಹೊರಗಿನಿಂದ ಬಂದದ್ದೇ. ನಮ್ಮ ಶಿಸ್ಟ್ ಪಟ್ಟಿಯ (ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಾದ ಹಳೆಯ ಶಿಲೆಗಳ ಸಾಲು) ಕಲ್ಲುಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಕಪ್ಪೆಚಿಪ್ಪಿನಂಥ ಎರಡು ಚಿಪ್ಪಿನ ಜೀವಿಗಳು ಹುಟ್ಟಿದ್ದು ಕೇಂಬ್ರಿಯನ್ ಕಾಲದಲ್ಲಿ, ಸುಮಾರು 52 ಕೋಟಿ ವರ್ಷದ ಹಿಂದೆ. ಆದರೂ ಮರಡಿಹಳ್ಳಿಯ ದಿಂಬು ಲಾವಾದಂಥ (ನೀರಿನಡಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ) ಕಲ್ಲಿನ ಚೂರು ಹಿಡಿದು 'ಸರ್, ಇದು ಚಿಪ್ಪಿನ ಗುರುತಲ್ವಾ?' ಅಂತ ಪ್ರತಿವರ್ಷ ಒಬ್ಬರಾದರೂ ಬರುತ್ತಾರೆ. ಲಾವಾದ ಗಾಳಿಗುಳ್ಳೆಗಳಲ್ಲಿ ಕ್ವಾರ್ಟ್ಸ್, ಕ್ಯಾಲ್ಸೈಟ್ ತುಂಬಿ ಗಟ್ಟಿಯಾದಾಗ ಹಾಗೆ ಕಾಣುವುದುಂಟು. ಕಲ್ಲನ್ನು ಒಡೆದು ನೋಡಿದರೆ ಗುಳ್ಳೆಗಳು ಒಳಗೂ ಹರಡಿಕೊಂಡಿರುತ್ತವೆ. ಚಿಪ್ಪುಜೀವಿ ಕೂತ ಗುರುತಾದರೆ ಪದರದ ಒಂದೇ ಮೈಯಲ್ಲಿ ಸಾಲಾಗಿಯೋ ಗುಂಪಾಗಿಯೋ ಸಿಗುತ್ತದೆ.

ನಿಜವಾದ ಮಾದರಿಗಳು ವಿದ್ಯಾರ್ಥಿಗಳ ಪ್ರವಾಸದಿಂದ ಬರುತ್ತವೆ: ತಮಿಳುನಾಡಿನ ಅರಿಯಲೂರಿನ ಕ್ರಿಟೇಷಿಯಸ್ ಪದರಗಳಿಂದ, ಕೆಲವೊಮ್ಮೆ ಕಚ್ಛ್‌ನ ಜುರಾಸಿಕ್ ಕಲ್ಲುಗಳಿಂದ. ಅಲ್ಲಿಂದಲೇ ಕೆಲಸ ಕೆಡಲು ಶುರುವಾಗುತ್ತದೆ. ಪದರದಿಂದ ಕಲ್ಲು ಎಬ್ಬಿಸುವ ಮೊದಲೇ ತಲೆ ಯಾವ ಕಡೆ, ಬುಡ ಯಾವ ಕಡೆ ಅಂತ ಮಾರ್ಕರಿನಲ್ಲಿ ಬಾಣ ಹಾಕಬೇಕು. ಬಾಣವಿಲ್ಲದೆ ಚೀಲ ಸೇರಿದ ಕಲ್ಲು ಲ್ಯಾಬಿಗೆ ಬಂದಮೇಲೆ ಅರ್ಧ ಮಾಹಿತಿ ಕಳೆದುಕೊಂಡಿರುತ್ತದೆ.

ಲೋಕಿಯಾ ಎಂಬ ಜಾಡನ್ನು ತೆಗೆದುಕೊಳ್ಳಿ. ಈ ಹೆಸರು 1879ರಿಂದ ಬಳಕೆಯಲ್ಲಿದೆ. ಚಿಪ್ಪುಜೀವಿ ಕೆಸರಿನಲ್ಲಿ ಹುದುಗಿ ಕೂತು ಎದ್ದು ಹೋದಮೇಲೆ ಉಳಿದ ಕುಳಿಯಲ್ಲಿ ಮರಳು ತುಂಬಿ, ಮರಳುಗಲ್ಲಿನ ಅಡಿ ಮೈಯಲ್ಲಿ ಬಾದಾಮಿಯಂಥ ಉಬ್ಬಾಗಿ ಉಳಿಯುತ್ತದೆ. ಅಳತೆ ಸಾಮಾನ್ಯವಾಗಿ ಕೆಲವು ಮಿಲಿಮೀಟರಿನಿಂದ ಎರಡು ಮೂರು ಸೆಂಟಿಮೀಟರ್. ನೀರಿನ ಹರಿವು ಕೊರೆದ ಫ್ಲೂಟ್ ಗುರುತೂ ಅದೇ ಅಡಿ ಮೈಯಲ್ಲೇ ಉಬ್ಬಿರುವುದರಿಂದ ಹೊಸಬರು ಎರಡನ್ನೂ ಒಂದೇ ಡಬ್ಬಿಗೆ ಹಾಕುತ್ತಾರೆ. ಫ್ಲೂಟಿನ ಒಂದು ತುದಿ ದಪ್ಪ, ಕಡಿದಾಗಿರುತ್ತದೆ. ಇನ್ನೊಂದು ಅಗಲವಾಗಿ ಕಲ್ಲಿನ ಮೈಗೆ ಕರಗಿಹೋಗುತ್ತದೆ. ದಪ್ಪ ತುದಿಗಳೆಲ್ಲ ಒಂದೇ ದಿಕ್ಕಿಗೆ, ಹರಿವು ಬಂದ ಕಡೆಗೆ, ಮುಖ ಮಾಡಿರುತ್ತವೆ. ಲೋಕಿಯಾದ ಎರಡೂ ತುದಿ ಮೊನಚು, ಅಂಚು ಸ್ಪಷ್ಟ. ಹರಿವಿಗೆ ತಕ್ಕಂತೆ ಲೋಕಿಯಾಗಳೂ ಸಾಲು ಹಿಡಿಯಬಹುದು, ಆದ್ದರಿಂದ ದಿಕ್ಕೊಂದನ್ನೇ ನಂಬಬೇಡಿ. ತುದಿಗಳನ್ನು ನೋಡಿ.

ಫೋಟೋದಲ್ಲಿ ಆಗುವ ಎಡವಟ್ಟು ಇನ್ನೂ ಕೆಟ್ಟದ್ದು. ಬೆಳಕು ಚಿತ್ರದ ಎಡ ಮೇಲಿನ ಮೂಲೆಯಿಂದ, ಕಲ್ಲಿನ ಮೈಗೆ 15-20 ಡಿಗ್ರಿಯಷ್ಟು ತಗ್ಗಿ ಬೀಳಬೇಕು. ಕೆಳಗಿನಿಂದ ಬಿದ್ದರೆ ಉಬ್ಬು ತಗ್ಗಾಗಿ ಕಾಣುತ್ತದೆ, ನೋಡಿದವರು ಮೇಲ್ಮೈ, ಅಡಿ ಮೈ ಎರಡನ್ನೂ ತಿರುಗಿಸಿ ಓದುತ್ತಾರೆ. ಸ್ಕೇಲಿನ ಪಕ್ಕದಲ್ಲಿ ಬೆಳಕಿನ ದಿಕ್ಕಿನ ಬಾಣವನ್ನೂ ಇಟ್ಟು ತೆಗೆಯಿರಿ. ವಾರ್ನಿಷ್ ಹಚ್ಚುವ ಚಾಳಿ ಬೇಡ. ಹೊಳಪಿನಲ್ಲಿ ಅಂಚೇ ಮಾಯವಾಗುತ್ತದೆ, ಆಮೇಲೆ ತೆಗೆಯುವುದೂ ಕಷ್ಟ.

ಗಟ್ಟಿ ಕಲ್ಲನ್ನೋ ದಪ್ಪ ಚಿಪ್ಪನ್ನೋ ಕೊರೆದ ತೂತುಗಳ ಲೆಕ್ಕವೇ ಬೇರೆ. ಬಾಯಿ ಕಿರಿದು, ಒಳಗೆ ಹೋದಂತೆ ಅಗಲ, ತಳ ದುಂಡಗೆ: ಈ ಜಾಡಿನ ಹೆಸರು ಗ್ಯಾಸ್ಟ್ರೋಕೀನೋಲೈಟಿಸ್. ಲಿಥೋಫೇಗಾದಂಥ ಕಲ್ಲು ಕೊರೆಯುವ ಚಿಪ್ಪುಜೀವಿಗಳು ಸುಣ್ಣದ ಕಲ್ಲನ್ನು ಮುಖ್ಯವಾಗಿ ರಾಸಾಯನಿಕವಾಗಿ ಕರಗಿಸುತ್ತಾ ಒಳಗಿಳಿಯುತ್ತವೆ. ಇಟಲಿಯ ಪೊಟ್ಸುವೋಲಿ ಪಟ್ಟಣದ ರೋಮನ್ ಕಾಲದ ಮೂರು ಅಮೃತಶಿಲೆ ಕಂಬಗಳಲ್ಲಿ ಅವು ಕೊರೆದ ತೂತುಗಳ ಪಟ್ಟಿ ಇವತ್ತಿಗೂ ಕಾಣುತ್ತದೆ. ಆ ನೆಲ ಸಮುದ್ರಕ್ಕೆ ಇಳಿದು ಮತ್ತೆ ಮೇಲೆದ್ದಿತು ಎನ್ನುವುದಕ್ಕೆ ಭೂವಿಜ್ಞಾನಿ ಚಾರ್ಲ್ಸ್ ಲೈಯಲ್ ತೋರಿಸಿದ್ದು ಅದನ್ನೇ. ಮೆತ್ತನೆ ಕೆಸರಿನ ಬಿಲವೋ, ಗಟ್ಟಿ ಕಲ್ಲಿನ ಕೊರೆತವೋ ತಿಳಿಯಲು 10 ಪಟ್ಟಿನ ಹ್ಯಾಂಡ್ ಲೆನ್ಸ್ ಸಾಕು. ತೂತಿನ ಗೋಡೆ ಹಳೆಯ ಚಿಪ್ಪುಗಳನ್ನೂ ಕಣಗಳನ್ನೂ ಕತ್ತರಿಸಿಕೊಂಡು ಹೋಗಿದ್ದರೆ ಅದು ಕೊರೆತ. ಕಣಗಳು ಸುತ್ತ ಸರಿದು ದಾರಿ ಬಿಟ್ಟಿದ್ದರೆ ಬಿಲ.

ಒಳಗಿನ ಆಕಾರ ಬೇಕಾದರೆ ಪ್ಲಾಸ್ಟರ್ ಹಾಕಬೇಡಿ. ಬಾಯಿ ಕಿರಿದಾದ್ದರಿಂದ ಹೊರಗೆ ಬರುವುದಿಲ್ಲ. ಸೂಜಿಯಿಂದ ಮಣ್ಣು ತೆಗೆದು, ತೊಳೆದು, ಪೂರ್ತಿ ಒಣಗಿಸಿ. ತೇವ ಉಳಿದರೆ ಆಮೇಲೆ ತುಂಬುವ ಎಪಾಕ್ಸಿ (ಗಟ್ಟಿಯಾಗುವ ರಾಳ) ಸರಿಯಾಗಿ ಹಿಡಿಯುವುದಿಲ್ಲ. ಸಿರಿಂಜಿನ ತುದಿ ತಳಕ್ಕೆ ಮುಟ್ಟುವಂತೆ ಇಟ್ಟು ಎಪಾಕ್ಸಿಯನ್ನು ನಿಧಾನವಾಗಿ ತುಂಬಿ. ಮೇಲಿಂದ ಸುರಿದರೆ ಗಾಳಿ ತಳದಲ್ಲಿ ಸಿಕ್ಕಿಕೊಂಡು, ನಮಗೆ ಬೇಕಾದ ದುಂಡು ತುದಿಯೇ ಮೂಡುವುದಿಲ್ಲ. ಒಂದು ದಿನ ಬಿಟ್ಟು ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಲ್ಲನ್ನು ಕರಗಿಸಿ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಗ್ಲೌಸು, ಕನ್ನಡಕ ಕಡ್ಡಾಯ. ಕಲ್ಲು ಹೋಗಿಯೇ ಬಿಡುವುದರಿಂದ ಎರಡನೇ ಮಾದರಿ ಇದ್ದರೆ ಮಾತ್ರ ಈ ದಾರಿ. ಸಿಲಿಕಾದಿಂದ ಬೆಸೆದ ಮರಳುಗಲ್ಲು ಈ ಆಮ್ಲಕ್ಕೆ ಕರಗದು, ಅಲ್ಲಿ ಬಗ್ಗುವ ಸಿಲಿಕೋನ್ ರಬ್ಬರ್ ಅಚ್ಚೇ ಗತಿ.

ಲೇಬಲ್ಲಿನಲ್ಲಿ ಜಾಡಿನ ಹೆಸರು, ಪದರದ ಯಾವ ಮೈ, ಉದ್ದ ಮತ್ತು ಗರಿಷ್ಠ ಅಗಲ, ಸಿಕ್ಕ ಜಾಗ, ಶಿಲಾಸ್ತರ ಇರಲಿ. ಪ್ರಾಣಿಯ ಹೆಸರು ಬರೆಯುವ ಆತುರ ಬೇಡ. ತೂತಿನೊಳಗೆ ಚಿಪ್ಪು ಸಿಕ್ಕರೂ ಅದೇ ಕೊರೆದದ್ದು ಅನ್ನುವ ಹಾಗಿಲ್ಲ, ಖಾಲಿಯಾದ ತೂತಿಗೆ ಬೇರೆ ಜೀವಿಗಳು ಬಂದು ಸೇರಿಕೊಳ್ಳುತ್ತವೆ. ಚಿಪ್ಪಿನ ಆಕಾರ ತೂತಿನ ಗೋಡೆಗೆ ಹೊಂದುತ್ತದೆಯೇ ನೋಡಿ, ಹೊಂದದಿದ್ದರೆ ಎರಡಕ್ಕೂ ಬೇರೆ ಬೇರೆ ನಂಬರ್ ಕೊಡಿ. ಶೇಲ್ (ಪದರ ಪದರವಾದ ಕೆಸರುಗಲ್ಲು) ಅಂಟಿರುವ ಮಾದರಿಯನ್ನು ನಲ್ಲಿ ಕೆಳಗೆ ಹಿಡಿಯಬೇಡಿ, ಪದರ ಬಿಚ್ಚಿ ಪುಡಿಯಾಗುತ್ತದೆ. ಒಣ ನೈಲಾನ್ ಬ್ರಷ್ ಸಾಕು.