ಅತ್ತೆಯ ಬಾವಿ

ನಮ್ಮೂರ ಪಕ್ಕದ ಕಸದ ಗುಂಡಿಯನ್ನು ದೊಡ್ಡದು ಮಾಡ್ತಾರಂತೆ. ಇವತ್ತು ಪಂಚಾಯ್ತಿ ಕಟ್ಟೆ ಮೇಲೆ ಕೂತು ಅದರ ಪರಿಸರ ವರದಿಯ ಸಾರಾಂಶ ಓದಿದೆ. ಕನ್ನಡದಲ್ಲೇ ಇತ್ತು. ಇರಲೇಬೇಕು, ಇಂಥ ಪರಿಸರ ವರದಿಗಳ ಬಗ್ಗೆ ಕೇಂದ್ರ ಸರ್ಕಾರ ಹೊರಡಿಸಿದ 2006ರ ಅಧಿಸೂಚನೆಯೇ ಹಾಗೆ ಹೇಳುತ್ತದೆ. ಜನರ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲೇ ತಿಳಿಸಬೇಕು ಅಂತಲೂ ಇದೆ.

ಗುಂಡಿಯು ಮನೆಗಳಿಂದ, ನೀರಿನ ಬಾವಿಗಳಿಂದ 200 ಮೀಟರ್ ದೂರ ಇರಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲಿ ಬರೆದಿದ್ದರು. ಸಂಜೆ ಅತ್ತೆಯ ಬಾವಿಯಿಂದ ಹೊಸ ಬೇಲಿವರೆಗೆ ಹೆಜ್ಜೆ ಎಣಿಸಿಕೊಂಡು ನಡೆದೆ. ಮೀಟರಿಗೆ ಲೆಕ್ಕ ಹಾಕಿದರೆ 200 ದಾಟಿತು. ಆದರೂ ಸಮಾಧಾನ ಆಗಲಿಲ್ಲ. ಮಳೆಗಾಲದಲ್ಲಿ ಕಸದಿಂದ ಇಳಿಯುವ ಕಪ್ಪು ನೀರು ಮೀಟರ್ ಲೆಕ್ಕ ನೋಡಿ ನಿಲ್ಲುತ್ತಾ? ತಳಕ್ಕೆ ಜೇಡಿಮಣ್ಣು, ದಪ್ಪ ಪ್ಲಾಸ್ಟಿಕ್ ಹಾಸು ಹಾಕಬೇಕು. ಆ ನೀರನ್ನು ಪೈಪಿನಲ್ಲಿ ಹಿಡಿದು ಶುದ್ಧ ಮಾಡಬೇಕು. ಗುಂಡಿ ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ನೋಡಿಕೊಳ್ಳಬೇಕು ಅಂತಲೂ ಆ ನಿಯಮದಲ್ಲಿತ್ತು. ಅಷ್ಟು ವರ್ಷ ಯಾರು ನೋಡಿಕೊಳ್ತಾರೆ ಅನ್ನೋದೇ ನನ್ನ ಚಿಂತೆ.

ತಮ್ಮೂರಿಗೆ ಬರುತ್ತಿದ್ದ ಬೆಂಗಳೂರಿನ ಕಸದ ಲಾರಿಗಳನ್ನು ನಿಲ್ಲಿಸಲು ನಗರದ ಹೊರಗಿನ ಮಂಡೂರಿನ ಜನ 2014ರವರೆಗೆ ಹೋರಾಡಬೇಕಾಯಿತು. ನಮಗೆ ಮೊದಲೇ ಕೇಳುವ ಅವಕಾಶ ಇದೆ, ಅಲ್ವಾ?

"ಸಭೆಗೆ ನಾನೂ ಬರ್ತೀನಿ ಕಣೋ" ಅಂದರು ಅತ್ತೆ. ಬಾವಿ ನೀರನ್ನು ಒಂದು ಬಾಟಲಿಗೆ ತುಂಬಿಟ್ಟಿದ್ದಾರೆ.