ಸಮ್ಮರ್ ಆಫ್ ಕೋಡ್: ಅರ್ಜಿ ತೆರೆಯಲು ಇನ್ನು ಹದಿನೈದು ದಿನ

ಮಾರ್ಚ್ 9, 2025, ಭಾನುವಾರ
ಸುರತ್ಕಲ್, ಮಂಗಳೂರು

ಓಪನ್ ಸೋರ್ಸ್ (ಯಾರೂ ನೋಡಿ ತಿದ್ದಬಹುದಾದ) ಸಾಫ್ಟ್‌ವೇರ್‌ಗೆ ಕೋಡ್ ಬರೆದು ಹಣ ಪಡೆಯುವ 2025ರ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಮಾರ್ಚ್ 24ರಿಂದ ಏಪ್ರಿಲ್ 8ರವರೆಗೆ ಅರ್ಜಿ ಹಾಕಬಹುದು. ಕೊನೆಯ ದಿನ 18:00 ಯುಟಿಸಿಗೆ ಬಾಗಿಲು ಹಾಕುತ್ತಾರೆ, ಅಂದರೆ ನಮ್ಮಲ್ಲಿ ರಾತ್ರಿ 11:30. ಸುರತ್ಕಲ್‌ನಿಂದ ಮಣಿಪಾಲದವರೆಗೆ ಹುಡುಗರೂ ಹುಡುಗಿಯರೂ ಕೇಳುತ್ತಿರುವ ಪ್ರಶ್ನೆ ಒಂದೇ: ಪ್ರಪೋಸಲ್ (ಮಾಡುವ ಕೆಲಸದ ಯೋಜನೆ) ಹೇಗೆ ಬರೆಯುವುದು? ಈ ಹದಿನೈದು ದಿನದ ಮಟ್ಟಿಗೆ ಆ ಪ್ರಶ್ನೆ ಬದಿಗಿರಲಿ. ಮೊದಲು ಒಂದು ಸಣ್ಣ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿ, ಅದು ಮರ್ಜ್ ಆಗುವಂತೆ, ಅಂದರೆ ಮೂಲ ಕೋಡ್‌ಗೆ ಸೇರುವಂತೆ, ನೋಡಿಕೊಳ್ಳಿ. ಪ್ರಪೋಸಲ್‌ನ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಈ ವರ್ಷ, 2025ರಲ್ಲಿ, ಪ್ರಾಜೆಕ್ಟ್ ಕೊಡುವ 185 ಓಪನ್ ಸೋರ್ಸ್ ಸಂಸ್ಥೆಗಳಿವೆ, ಪಟ್ಟಿ ಫೆಬ್ರವರಿ 27ಕ್ಕೇ ಬಂದಿದೆ. ಒಬ್ಬರು ಮೂರು ಪ್ರಪೋಸಲ್ ಕೊಡಬಹುದು, ಆಯ್ಕೆಯಾಗುವುದು ಒಂದಕ್ಕೆ ಮಾತ್ರ. ಮೂರೂ ಕಡೆ ಕಾಲಿಡುವುದಕ್ಕಿಂತ ಒಂದು, ಹೆಚ್ಚೆಂದರೆ ಎರಡು ಸಂಸ್ಥೆ ಹಿಡಿದುಕೊಳ್ಳುವುದು ಒಳ್ಳೆಯದು. ಹೆಸರು ದೊಡ್ಡದೋ ಚಿಕ್ಕದೋ ನೋಡಬೇಡಿ. ಕಳೆದ ಒಂದು ತಿಂಗಳಲ್ಲಿ ಹೊಸಬರು ಪ್ಯಾಚ್ ಸೇರಿಸಿಕೊಳ್ಳಿ ಎಂದು ಕಳಿಸಿದ ಪುಲ್ ರಿಕ್ವೆಸ್ಟ್‌ಗಳಿಗೆ ಎಷ್ಟು ದಿನದಲ್ಲಿ ಉತ್ತರ ಬಂದಿದೆ ಅಂತ ನೋಡಿ. ಎರಡು ವಾರ ಯಾರೂ ಮಾತಾಡದ ಕಡೆ ಜೂನ್‌ನಲ್ಲೂ ಯಾರೂ ಮಾತಾಡುವುದಿಲ್ಲ.

ಹೆಚ್ಚಿನವರು ಮೊದಲು ಸಿಕ್ಕಿಬೀಳುವುದು ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ಬಿಲ್ಡ್‌ನಲ್ಲಿ. ಹಾಸ್ಟೆಲ್ ವೈಫೈಯಲ್ಲಿ ದೊಡ್ಡ ರೆಪೊ (ಪ್ರಾಜೆಕ್ಟ್‌ನ ಕೋಡ್ ಸಂಗ್ರಹ) ಇಳಿಯುವುದಿಲ್ಲ ಎಂದು ಡೆಪ್ತ್ 1 ಕೊಟ್ಟು, ಅಂದರೆ ಕೊನೆಯ ಕಮಿಟ್ (ದಾಖಲಾದ ಬದಲಾವಣೆ) ಮಾತ್ರ ಇಳಿಸಿ, ಕ್ಲೋನ್ (ನಕಲು) ಮಾಡುತ್ತಾರೆ. ಹಳೆಯ ಕಮಿಟ್‌ಗಳೇ ಇಲ್ಲದ ಕಾರಣ ಆಮೇಲೆ ರಿಬೇಸ್ ಮಾಡುವಾಗ (ನಮ್ಮ ಬದಲಾವಣೆಯನ್ನು ಹೊಸ ಕೋಡ್ ಮೇಲೆ ಕೂರಿಸುವಾಗ) ಒದ್ದಾಟ. ಅದರ ಬದಲು ಬ್ಲಾಬ್ ಫಿಲ್ಟರ್ ಹಾಕಿ ಕ್ಲೋನ್ ಮಾಡಿದರೆ ಇತಿಹಾಸ ಪೂರ್ತಿ ಬರುತ್ತದೆ, ಹಳೆಯ ಫೈಲುಗಳು ಬೇಕಾದಾಗ ಮಾತ್ರ ಇಳಿಯುತ್ತವೆ. ಎಂಟು ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್ ಲಿಂಕ್ ಆಗುವ ಹೊತ್ತಿಗೆ ಮೆಮೊರಿ ಮುಗಿದು ಬಿಲ್ಡ್ ಸತ್ತೇ ಹೋಗುತ್ತದೆ. ಬಿಲ್ಡ್ ಮಾಡುವ ನಿಂಜಾ ಎಂಬ ಟೂಲ್ ಹೇಳದೆ ಕೇಳದೆ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ, ಅದನ್ನು ಎರಡಕ್ಕೆ ಇಳಿಸಿ. ಡಿಬಗ್ ಬಿಟ್ಟು ರಿಲೀಸ್ ಬಿಲ್ಡ್ ಮಾಡಿ. ಟೆಸ್ಟ್‌ಗಳು (ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಕೋಡ್) ನಿಮ್ಮ ಮಷೀನಿನಲ್ಲಿ ಓಡುವ ತನಕ ಕೋಡ್‌ಗೆ ಕೈಹಾಕಬೇಡಿ. ಓಡಿಸುವ ದಾರಿಯಲ್ಲಿ ಸೂಚನೆಯ ಪುಟದಲ್ಲಿ ತಪ್ಪು ಕಂಡರೆ ಅದೇ ಮೊದಲ ಪ್ಯಾಚ್ ಆಗಬಹುದು.

ಎರಡನೆಯ ಪ್ಯಾಚ್ ಕೋಡ್‌ನದ್ದೇ ಆಗಿರಲಿ. ಇಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲ ಉಂಟು. ಹೊರಗಿನವರ ಕಣ್ಣಿಗೆ ಬೀಳದ ಎಷ್ಟೋ ಬಗ್‌ಗಳು ನಮಗೆ ಥಟ್ಟನೆ ಕಾಣುತ್ತವೆ. ಉದಾಹರಣೆಗೆ, ಹೆಸರು ಅಥವಾ ಶೀರ್ಷಿಕೆ ಟೈಪ್ ಮಾಡುವ ಜಾಗದಲ್ಲಿ ಕಾಣದ ಅಕ್ಷರಗಳನ್ನೆಲ್ಲ ಗುಡಿಸಿ ತೆಗೆಯುವ ಫಂಕ್ಷನ್ ಇರುತ್ತದೆ. ಯುನಿಕೋಡ್‌ನ 200ಬಿಯಿಂದ 200ಎಫ್‌ವರೆಗೆ ಎಲ್ಲವನ್ನೂ ಅಳಿಸು ಅಂತ ಬರೆದುಬಿಟ್ಟಿರುತ್ತಾರೆ. ಅಲ್ಲಿ ‘ರ‍್ಯಾಂಕ್’ ಎಂದು ಬರೆದು ಸೇವ್ ಮಾಡಿ. ಒಳಗೆ ಅದು ಎಂಟು ಯುನಿಕೋಡ್ ಸಂಕೇತ, ಅಂದರೆ ಎಂಟು ಕೋಡ್‌ಪಾಯಿಂಟ್: ರ, ಕಾಣದ ಜೋಡಕ, ವಿರಾಮ, ಯ, ದೀರ್ಘ, ಸೊನ್ನೆ, ಕ, ವಿರಾಮ. ಆ 200ಡಿ ಜೋಡಕ ಹೋದರೆ ಏಳು ಉಳಿಯುತ್ತವೆ, ತೆರೆಯ ಮೇಲೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ‘ಸಾಫ್ಟ್‌ವೇರ್’ ಬರೆದರೆ ಅಕ್ಷರಗಳನ್ನು ಬೇರೆಯಿಡುವ 200ಸಿ ಕಳೆದುಹೋಗಿ ‘ಸಾಫ್ಟ್ವೇರ್’ ಎಂದು ವತ್ತು ಅಂಟಿಕೊಳ್ಳುತ್ತದೆ. ಪರಿಹಾರ ಒಂದು ಸಾಲಿನದು: ಆ ಎರಡನ್ನು ಅಳಿಸುವ ಪಟ್ಟಿಯಿಂದ ಹೊರಗಿಡುವುದು. ಜತೆಗೆ ಈ ಎರಡೂ ಪದಗಳ ಮೇಲೆ ಎರಡು ಟೆಸ್ಟ್. ಟೆಸ್ಟ್ ಇಲ್ಲದ ಪ್ಯಾಚ್ ಕಳಿಸಬೇಡಿ. ಕನ್ನಡ ಓದಲು ಬಾರದ, ಸಂಸ್ಥೆಯ ಕಡೆಯಿಂದ ದಾರಿ ತೋರುವ ಮೆಂಟರ್‌ಗೆ ತಪ್ಪು ಯಾವುದು, ಸರಿ ಯಾವುದು ಎಂದು ತೋರಿಸುವುದು ಟೆಸ್ಟ್ ಒಂದೇ.

ಅಂಥದ್ದೇ ಇನ್ನೊಂದು: ಶೀರ್ಷಿಕೆಯನ್ನು ಇಷ್ಟು ಅಕ್ಷರಕ್ಕೆ ಕತ್ತರಿಸುವ ಕೋಡ್. ‘ಲಕ್ಷ್ಮಿ’ ಕಣ್ಣಿಗೆ ಎರಡಕ್ಷರ, ಒಳಗೆ ಏಳು ಕೋಡ್‌ಪಾಯಿಂಟ್. ಮೂರಕ್ಕೆ ಕತ್ತರಿಸಿದರೆ ‘ಲಕ್’ ಉಳಿಯುತ್ತದೆ.

ಒಂದು ಪುಲ್ ರಿಕ್ವೆಸ್ಟ್‌ಗೆ ಒಂದೇ ಬದಲಾವಣೆ. ಕೋಡನ್ನು ಅಂದವಾಗಿ ಜೋಡಿಸುವ ಫಾರ್ಮ್ಯಾಟರ್ ಇಡೀ ಫೈಲನ್ನು ಬದಲಿಸಿದ್ದರೆ ಅದನ್ನು ಹಿಂದೆಗೆಯಿರಿ, ಇಲ್ಲವಾದರೆ ಒಂದು ಸಾಲಿನ ಬದಲಾವಣೆ ಮುನ್ನೂರು ಸಾಲಿನ ನಡುವೆ ಮುಚ್ಚಿಹೋಗುತ್ತದೆ. ಕೆಲವು ಸಂಸ್ಥೆಗಳು ಕಮಿಟ್‌ನಲ್ಲಿ ಸೈನ್-ಆಫ್ ಸಾಲು (ಈ ಕೋಡ್ ಕೊಡುವ ಹಕ್ಕು ನನಗಿದೆ ಎಂಬ ಸಹಿ) ಕೇಳುತ್ತವೆ. ಮರೆತರೆ ತಪಾಸಣೆ ಕೆಂಪಾಗುತ್ತದೆ, ಯಾರೂ ರಿವ್ಯೂಗೆ ಬರುವುದಿಲ್ಲ. ‘ಸರ್, ಇದನ್ನು ನನಗೆ ಅಸೈನ್ ಮಾಡಿ’ ಎಂದು ಮೆಂಟರ್‌ಗೆ ಖಾಸಗಿಯಾಗಿ ಬರೆಯಬೇಡಿ. ಎಲ್ಲರಿಗೂ ಕಾಣುವ ಚಾನೆಲ್‌ನಲ್ಲಿ ಕೇಳಿ: ಏನು ಮಾಡಿದೆ, ಏನಾಯಿತು, ಎರರ್‌ನ ಪೂರ್ತಿ ಪಠ್ಯ. ಮಾರ್ಚ್ ಕೊನೆಗೆ ಯುರೋಪಿನ ಗಡಿಯಾರ ಮುಂದೆ ಹೋದ ಮೇಲೆ ಜರ್ಮನಿಯವರಿಗೆ ಬೆಳಗ್ಗೆ ಒಂಬತ್ತಾದಾಗ ನಮಗೆ 12:30. ಕ್ಯಾಲಿಫೋರ್ನಿಯಾದವರಿಗೆ ಒಂಬತ್ತಾದಾಗ ನಮಗೆ ರಾತ್ರಿ 9:30. ಉತ್ತರ ಬರಲಿಲ್ಲ ಎಂದು ಅರ್ಧ ಗಂಟೆಗೊಮ್ಮೆ ನೆನಪಿಸುವುದು ಬೇಡ, ಎರಡು ದಿನ ಕಾಯಿರಿ.

ಇನ್ನು ಸಮಯದ ಲೆಕ್ಕ. ಪ್ರಾಜೆಕ್ಟ್‌ಗಳು ಮೂರು ಅಳತೆಯವು: 90, 175, 350 ಗಂಟೆ. ಕೋಡಿಂಗ್ ಜೂನ್ 2ಕ್ಕೆ ಶುರು, ಸಾಮಾನ್ಯವಾಗಿ 12 ವಾರ. 350 ಅಂದರೆ ವಾರಕ್ಕೆ ಹತ್ತಿರಹತ್ತಿರ 29 ಗಂಟೆ. ವಿಟಿಯು ಸಮ ಸೆಮಿಸ್ಟರ್ ಪರೀಕ್ಷೆಗಳು ಹೆಚ್ಚಾಗಿ ಜೂನ್, ಜುಲೈಯಲ್ಲೇ ಬೀಳುತ್ತವೆ, ಮಿಡ್‌ಟರ್ಮ್ ಮೌಲ್ಯಮಾಪನ ಜುಲೈ 14ರಿಂದ 18. ಇದನ್ನು ಮುಚ್ಚಿಡಬೇಡಿ. ‘ಪರೀಕ್ಷೆಯ ಮೂರು ವಾರ ದಿನಕ್ಕೆ ಒಂದೇ ಗಂಟೆ’ ಎಂದು ಪ್ರಪೋಸಲ್‌ನಲ್ಲೇ ಬರೆಯಿರಿ. ಮೊದಲೇ ಮಾತಾಡಿಕೊಂಡರೆ 175 ಮತ್ತು 350 ಗಂಟೆಯ ಪ್ರಾಜೆಕ್ಟ್‌ಗಳನ್ನು 22 ವಾರದವರೆಗೂ ಹಿಗ್ಗಿಸಬಹುದು. ವಿಟಿಯು ಮಕ್ಕಳಿಗೆ 175ರದ್ದೇ ಸೂಕ್ತ ಎಂಬುದು ನನ್ನ ಖಚಿತ ಅಭಿಪ್ರಾಯ. ಮಳೆಗಾಲದ ಕರೆಂಟನ್ನೂ ಲೆಕ್ಕಕ್ಕೆ ಹಿಡಿಯಿರಿ: ಪ್ರತಿದಿನ ಸಂಜೆ ಬ್ರಾಂಚ್ ಪುಶ್ ಮಾಡಿಡಿ (ನಿಮ್ಮ ಕೆಲಸದ ಪ್ರತಿಯನ್ನು ಸರ್ವರ್‌ಗೆ ಕಳಿಸಿ), ಕೆಲಸ ಅರ್ಧ ಆಗಿದ್ದರೂ ಸರಿ.

ಪ್ರಪೋಸಲ್‌ನಲ್ಲಿ ವಾರವಾರದ ಪಟ್ಟಿಗಿಂತ ಮೊದಲು ಮೆಂಟರ್‌ಗಳು ನೋಡುವುದು ಯಾವ ಫೈಲ್, ಯಾವ ಫಂಕ್ಷನ್ ಮುಟ್ಟುತ್ತೀರಿ ಎಂಬುದನ್ನು. ಕೃತಕ ಬುದ್ಧಿಮತ್ತೆಯಿಂದ ಬರೆಸಿದ್ದರಲ್ಲಿ ಇದೇ ಇರುವುದಿಲ್ಲ. ಮೆಂಟರ್‌ಗಳು ಮೊದಲ ಪುಟದಲ್ಲೇ ಹಿಡಿಯುತ್ತಾರೆ. ಪಿಡಿಎಫ್ ಬೇಗ ಹಾಕಿಬಿಡಿ, ಕೊನೆಯ ಗಳಿಗೆಯವರೆಗೂ ಬದಲಿಸಬಹುದು.

ಹಣದ ವಿಷಯ. 2025ರಲ್ಲಿ ಭಾರತದಲ್ಲಿದ್ದು ಕೆಲಸ ಮಾಡುವವರಿಗೆ ಆ ಮೂರು ಅಳತೆಗೆ ಕ್ರಮವಾಗಿ 750, 1500, 3000 ಡಾಲರ್. ಮಿಡ್‌ಟರ್ಮ್ ಪಾಸಾದ ಮೇಲೆ ಶೇ. 45, ಕೊನೆಗೆ ಶೇ. 55. ಅಂದರೆ 1500ರಲ್ಲಿ ಮೊದಲು 675, ಆಮೇಲೆ 825. ಬರುವುದು ಪೇಯೋನೀರ್ ಎಂಬ ಹಣ ಕಳಿಸುವ ಸೇವೆಯ ಮೂಲಕ. ನಮ್ಮ ಊರಿನವರ ತೊಂದರೆ ಇಲ್ಲಿದೆ: ಅಂಕಪಟ್ಟಿಯಲ್ಲಿ ಇನಿಶಿಯಲ್, ಪ್ಯಾನ್‌ನಲ್ಲಿ ಅಪ್ಪನ ಹೆಸರು ಸೇರಿ ಪೂರ್ತಿ, ಪಾಸ್‌ಬುಕ್‌ನಲ್ಲಿ ಮೂರನೆಯ ರೀತಿ. ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ಹೆಸರನ್ನು ಈ ತಿಂಗಳೇ ಪಕ್ಕಪಕ್ಕ ಇಟ್ಟು ನೋಡಿ. ಒಂದಕ್ಷರ ಬೇರೆಯಿದ್ದರೂ ಏಪ್ರಿಲ್‌ನಲ್ಲೇ ಬ್ಯಾಂಕಿಗೆ ಹೋಗಿ ತಿದ್ದಿಸಿ.