ಅಂದಾಜು ತಪ್ಪಿದ ಮಾತ್ರಕ್ಕೆ ಗೇರು ಕಾರ್ಖಾನೆಯವರನ್ನು ದೂರಬೇಡಿ

ಉದ್ದಿಮೆದಾರರ ನಿರೀಕ್ಷೆ ಕೇಳುವ ನಮ್ಮ ಸಮೀಕ್ಷೆಯ 2020ರ ವರದಿ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಫೆಬ್ರವರಿಯಲ್ಲಿ ಕುಮಟಾ, ಹೊನ್ನಾವರದ ಗೇರುಬೀಜ ಕಾರ್ಖಾನೆಗಳಿಗೆ, ಶಿರಸಿಯ ಅಡಿಕೆ ವಖಾರಿಗಳಿಗೆ ಫಾರ್ಮ್ ಹಿಡಿದು ಹೋಗಿದ್ದೆವು. ಮುಂದಿನ ತ್ರೈಮಾಸಿಕದಲ್ಲಿ ಮಾರಾಟ ಏರುತ್ತದಾ, ಇಳಿಯುತ್ತದಾ, ಇದ್ದಷ್ಟೇ ಇರುತ್ತದಾ? ರಿಸರ್ವ್ ಬ್ಯಾಂಕ್ ತಯಾರಿಕಾ ಕಂಪನಿಗಳನ್ನು ಮೂರು ತಿಂಗಳಿಗೊಮ್ಮೆ ಕೇಳುವುದೂ ಇದೇ ಧಾಟಿಯಲ್ಲಿ. ಹೆಚ್ಚಿನವರು 'ಏರುತ್ತದೆ' ಎಂದರು. ಕುಮಟಾದ ಒಬ್ಬ ಮಾಲೀಕರು ಆರ್ಡರ್ ಪುಸ್ತಕ ತೆಗೆದು, ಆಫ್ರಿಕಾದಿಂದ ಬರಬೇಕಿದ್ದ ಕಚ್ಚಾ ಗೇರಿನ ಲೆಕ್ಕದ ಮೇಲೆ ಬೆರಳಿಟ್ಟು, "ನೋಡು ತಮ್ಮಾ, ಮಾಲು ಬಂದ್ರೆ ಏರ್ತದೆ" ಎಂದಿದ್ದರು. ಮಾರ್ಚ್ 25ಕ್ಕೆ ಲಾಕ್‌ಡೌನ್.

ಜುಲೈನಲ್ಲಿ ನಿಜವಾದ ಅಂಕಿ ಬಂತು. ವಿಡಿಯೋ ಕಾಲ್‌ನಲ್ಲಿ ನಮ್ಮ ಮೇಲಿನವರು ಸ್ಲೈಡ್ ಹಾಕಿದರು: "ಇಲ್ಲಿನ ಉದ್ದಿಮೆದಾರರ ನಿರೀಕ್ಷೆ ತರ್ಕಬದ್ಧವಲ್ಲ." ಅಂದಾಜಿನ ತಪ್ಪೆಲ್ಲಾ ಒಂದೇ ದಿಕ್ಕಿಗೆ, ಸರಾಸರಿ ಸೊನ್ನೆಯ ಹತ್ತಿರವೂ ಇಲ್ಲ, ಹಾಗಾಗಿ ತರ್ಕಬದ್ಧತೆಯ ಟೆಸ್ಟ್ ಫೇಲ್ ಅಂತೆ. ಮ್ಯೂಟ್ ತೆಗೆದು, "ಸರ್, ಎಲ್ಲರಿಗೂ ಬಿದ್ದದ್ದು ಒಂದೇ ಏಟು. ಇಷ್ಟೂ ಉತ್ತರ ಸೇರಿ ಒಂದೇ ಸಾಕ್ಷಿ ಅಲ್ವಾ?" ಎಂದೆ. ಯಾರೂ ಮಾತಾಡಲಿಲ್ಲ. ಯಾರದೋ ಮನೆಯ ಕುಕ್ಕರ್ ಕೂಗಿತು. ಸ್ಲೈಡ್ ಮುಂದೆ ಹೋಯಿತು.

1961ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾನ್ ಮೂತ್ ಈ 'ತರ್ಕಬದ್ಧ ನಿರೀಕ್ಷೆ'ಯ ವಾದ ಮುಂದಿಟ್ಟಾಗ, ಉದ್ದಿಮೆದಾರರು ತಪ್ಪೇ ಮಾಡುವುದಿಲ್ಲ ಎಂದಿರಲಿಲ್ಲ. ಕೈಯಲ್ಲಿರುವ ಮಾಹಿತಿಯನ್ನು ಸುಮ್ನೆ ಬಿಟ್ಟುಬಿಡುವುದಿಲ್ಲ ಅನ್ನುವುದು ಅದರ ತಿರುಳು. ಹಾಗಿದ್ದಮೇಲೆ ಕೇಳಬೇಕಾದ್ದು ಇಷ್ಟೇ: ಉತ್ತರ ಕೊಟ್ಟ ದಿನ ಗೊತ್ತಿದ್ದ ಯಾವುದರಿಂದಾದರೂ ಈ ತಪ್ಪನ್ನು ಮೊದಲೇ ಊಹಿಸಬಹುದಿತ್ತಾ? ತಪ್ಪುಗಳು ಒಂದಕ್ಕೊಂದು ವಜಾ ಆಗಿ ಸೊನ್ನೆಯ ಹತ್ತಿರ ಬರುವುದು ಹಲವು ವರ್ಷಗಳ ಸರಾಸರಿಯಲ್ಲಿ. ಎಲ್ಲರಿಗೂ ಒಂದೇ ಏಟು ಬಿದ್ದ ಒಂದೇ ತ್ರೈಮಾಸಿಕದಲ್ಲಿ ಎಷ್ಟು ಕಾರ್ಖಾನೆ ಸೇರಿಸಿದರೂ ಅದು ಆಗುವುದಿಲ್ಲ.

ನಿಜವಾಗಿ ಹಿಡಿಯಬೇಕಿದ್ದ ಎಳೆ ಬೇರೆ ಇತ್ತು. ಲಾಕ್‌ಡೌನ್‌ಗೆ ಮುಂಚಿನ ಸುತ್ತುಗಳಲ್ಲೂ, ಮಾರಾಟ ಬಿದ್ದಿದ್ದ ಕೆಲವರು ಪ್ರತಿಸಲ 'ಏರುತ್ತದೆ' ಎಂದೇ ಬರೆಯುತ್ತಿದ್ದರು, ಪ್ರತಿಸಲ ಇಳಿಯುತ್ತಿತ್ತು. ಅವರ ತಪ್ಪು ಅವರದೇ ಖಾತೆಪುಸ್ತಕದಲ್ಲಿ ಮೊದಲೇ ಕಾಣುತ್ತಿತ್ತು. ಟೆಸ್ಟ್ ಫೇಲ್ ಅನ್ನುವುದಿದ್ದರೆ ಅಲ್ಲಿ ಅನ್ನಬೇಕಿತ್ತು. ವರದಿಯಲ್ಲಿ ಅದಕ್ಕೊಂದು ಸಾಲಿನ ಜಾಗವೂ ಸಿಗಲಿಲ್ಲ.

ಉತ್ತರಗಳನ್ನು ತುಂಬುವ ನಮ್ಮ ಆ್ಯಪ್ ಇನ್ನೊಂದು ಕಾಟ. ಉತ್ತರ ಕೊಟ್ಟ ತಾರೀಖು ಉಳಿಸುವುದಿಲ್ಲ, ಅಪ್‌ಲೋಡ್ ಆದ ತಾರೀಖು ಮಾತ್ರ. ಘಟ್ಟದ ಮೇಲೆ ನೆಟ್‌ವರ್ಕ್ ಸಿಗದ ಕಡೆ ಎರಡಕ್ಕೂ ಜಾಸ್ತಿ ಅಂತರ, ಆಮೇಲೆ ಯಾರಿಗೆ ಯಾವಾಗ ಏನು ಗೊತ್ತಿತ್ತು ಎಂದು ಹೇಗೆ ಹೇಳುವುದು? ಈ ಕೆಲಸಕ್ಕೆ ಹೋಗುವವರು ಫಾರ್ಮ್ ಮೇಲೆ ಕೈಯಲ್ಲೇ ತಾರೀಖು ಬರೆದುಕೊಳ್ಳಿ. ಹಿಂದಿನ ತ್ರೈಮಾಸಿಕದ ಮಾರಾಟವನ್ನೂ ಅಲ್ಲೇ, ಅವರೆದುರೇ ಕೇಳಿ ಬರೆದುಕೊಳ್ಳಿ.